ಯಾರ ಕೈಹೊಲಿಗೆ

ಆ ಬೀದಿಯ ಗಂಡಸರು ತಮ್ಮ ವಯಸ್ಸಿನ ಬಗ್ಗೆ ಯಾರಿಗೆ ಬೇಕಾದರೂ ಸುಳ್ಳು ಹೇಳಬಹುದಿತ್ತು, ದರ್ಜಿ ಮಾಸ್ಟರ್‌ಗೆ ಹೇಳುವಂತಿರಲಿಲ್ಲ. ಇಪ್ಪತ್ತಾರು ವರ್ಷದಿಂದ ಅವರ ಸೊಂಟಕ್ಕೆ ಟೇಪು ಸುತ್ತುತ್ತಿದ್ದವನು ಅವನು. ಯಾರ ಹೊಟ್ಟೆ ಯಾವ ವರ್ಷ ಬೆಲ್ಟಿನ ಮೇಲಿಂದ ಇಣುಕಿತು, ಅಳತೆ ಕೊಡುವಾಗ ಯಾರು ಉಸಿರು ಬಿಗಿಹಿಡಿದು ಶೂರನಾಗುತ್ತಾರೆ ಎಂಬುದೆಲ್ಲ ಅವನ ಅಳತೆಯ ಪುಸ್ತಕದಲ್ಲಿತ್ತು. ಅಂಗಡಿ ಅಂದರೆ ಒಂದೇ ಕೋಣೆ. ಮುಂದೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಅದರ ಪಕ್ಕ ಮಷೀನು, ಹಿಂದೆ ಕಿಟಕಿಯ ಬೆಳಕಿಗೆ ಹೆಂಡತಿಯ ಸ್ಟೂಲು. ಕತ್ತರಿ, ಮಷೀನು ಅವನದು, ಸೂಜಿ ಅವಳದು. ಗುಂಡಿ, ಅಂಚು, ಪ್ಯಾಂಟಿನ ಸೊಂಟಪಟ್ಟಿಯ ಒಳಮಗ್ಗುಲು, ಹೊರಗೆ ಒಬ್ಬಳಿಗೆ ಕೊಡುವ ಕಾಜಾ ಒಂದು ಬಿಟ್ಟರೆ ಕೈಯಲ್ಲಿ ಹೊಲಿಯಬೇಕಾದದ್ದು ಏನಿದ್ದರೂ ಅವಳ ಮಡಿಲಿಗೆ ಬೀಳುತ್ತಿತ್ತು. ಕಟಿಂಗ್ ಮಾಸ್ಟರ್ ಆದವನು ಸೂಜಿ ಹಿಡಿಯಬಾರದು ಎಂದು ಅವನಿಗೆ ಕೆಲಸ ಕಲಿಸಿದವನು ಯಾವ ಕಾಲದಲ್ಲೋ ಹೇಳಿದ್ದ, ಇವನು ಅದನ್ನೇ ಗಂಟು ಕಟ್ಟಿಕೊಂಡಿದ್ದ. ತನ್ನ ಅಂಗಿಯ ಗುಂಡಿ ಕಿತ್ತುಬಂದರೂ ಹೆಂಡತಿಯ ಮುಂದೆ ಎದೆ ಒಡ್ಡಿ ನಿಲ್ಲುವ ಆಸಾಮಿ.

ಐವತ್ತು ದಾಟಿದ ಗಿರಾಕಿ ಯಾರಾದರೂ ಪ್ಯಾಂಟು ಬಿಗಿ ಮಾಡಿಸಲು ತಂದರೆ ಅವತ್ತೆಲ್ಲ ಗಂಡ ಹೆಂಡತಿಗೆ ನಗುವೋ ನಗು. ಗಿರಾಕಿ ಮೆಟ್ಟಿಲಿಳಿದದ್ದೇ ತಡ, ಮಾಸ್ಟರ್ ಹುಬ್ಬು ಹಾರಿಸಿ, "ಈ ವಯಸ್ಸಲ್ಲಿ ಸೊಂಟ ಸುಮ್ನೆ ಕರಗುತ್ತಾ? ಎಲ್ಲೋ ಒಬ್ಳು ಸಿಕ್ಕಿದಾಳೆ," ಅನ್ನುತ್ತಿದ್ದ. ಅವಳು ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ನಗುತ್ತಿದ್ದಳು. ಎರಡು ಸಲ ಅವನು ಹೇಳಿದ್ದು ನಿಜವೂ ಆಗಿತ್ತು; ಅದರಲ್ಲಿ ಒಬ್ಬರು ಬ್ಯಾಂಕಿನ ಮ್ಯಾನೇಜರು, ಅವರ ಸಂಸಾರ ಬೀದಿಗೆ ಬರುವುದಕ್ಕೆ ಮೂರು ತಿಂಗಳು ಮುಂಚೆಯೇ ಈ ಅಂಗಡಿಯಲ್ಲಿ ಸುದ್ದಿ ಗೊತ್ತಿತ್ತು. ಹಾಗಾಗಿ ಇದು ಅವರ ಪಾಲಿಗೆ ಬರೀ ತಮಾಷೆಯಲ್ಲ, ಕಸುಬು ಕಲಿಸಿದ ತಿಳಿವಳಿಕೆ.

ಊರವರ ಗುಟ್ಟನ್ನೆಲ್ಲ ಬಲ್ಲ ಇಂಥವನಿಗೆ ಐವತ್ತೆರಡನೆಯ ವಯಸ್ಸಿನಲ್ಲಿ ತನ್ನದೇ ಮೈ ಹಾಸಿಗೆಯಲ್ಲಿ ಕೈಕೊಟ್ಟಿತು. ಮೊದಲ ಸಲ ದಣಿವು ಎಂದುಕೊಂಡ. ಎರಡನೆಯ ಸಲ ಸೆಕೆ ಎಂದ. ಮೂರನೆಯ ಸಲ ಹೆಂಡತಿ, ಹೋಗಲಿ ಬಿಡಿ, ಅದಕ್ಯಾಕೆ ಮುಖ ಸಣ್ಣ ಮಾಡಿಕೊಳ್ಳುತ್ತೀರಿ ಎಂದು ಬೆನ್ನು ಸವರಿದಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಸವರಿದ್ದಳು. ಅವನಿಗೆ ಮಾತ್ರ ಚೇಳು ಕುಟುಕಿದ ಹಾಗಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಕನಿಕರ ಅವನಿಂದ ನುಂಗಲಾಗಲಿಲ್ಲ. ನಾಲ್ಕನೆಯ ಸಲವೊಂದು ಬಾರದ ಹಾಗೆ ನೋಡಿಕೊಂಡ. ಬೆನ್ನುನೋವು ಅಂದ, ನನ್ನ ಗೊರಕೆಗೆ ನಿನ್ನ ನಿದ್ದೆ ಕೆಡುತ್ತೆ ಅಂದ, ಹಾಸಿಗೆ ಸುತ್ತಿಕೊಂಡು ಮನೆಯ ಮುಂದಿನ ಕೋಣೆಗೆ ಬಂದುಬಿಟ್ಟ. ಅವಳು ಎರಡು ಸಲ ಬಂದು ಕರೆದಳು. ಮೂರನೆಯ ಸಲ ಕರೆಯಲಿಲ್ಲ, ಅವಳಿಗೂ ಮಾನ ಇತ್ತು. ಮಗಳು ಮದುವೆಯಾಗಿ ಹೋದ ಮೇಲೆ ಮನೆಯಲ್ಲಿ ಉಳಿದದ್ದು ಇಬ್ಬರೇ, ಈಗ ಆ ಇಬ್ಬರಿಗೆ ಎರಡು ಕೋಣೆ.

ಎಂಟು ತಿಂಗಳು ಹೀಗೆ ದೂಡಿ, ಕೊನೆಗೊಂದು ದಿನ ಎರಡು ಬಸ್ಸು ಬದಲಾಯಿಸಿ, ತನ್ನನ್ನು ಯಾರೂ ಗುರುತು ಹಿಡಿಯದ ಬಡಾವಣೆಯ ಆಸ್ಪತ್ರೆಗೆ ಹೋದ. ಡಾಕ್ಟರು ಅವನಿಗಿಂತ ಚಿಕ್ಕವರು, ಮಾತು ನೇರ. ವಿಷಯ ಬಾಯಿಂದ ಹೊರಡಿಸಲು ಮಾಸ್ಟರ್‌ಗೆ ಕಾಲು ಗಂಟೆ ಹಿಡಿಯಿತು, ಕೇಳಿದ ಡಾಕ್ಟರು ನೆಗಡಿಯ ಸುದ್ದಿ ಕೇಳಿದವರ ಹಾಗೆ ತಲೆಯಾಡಿಸಿದರು. ತೂಕ ನೋಡಿದರು, ಬಿಪಿ ನೋಡಿದರು, ರಕ್ತ ಪರೀಕ್ಷೆಗೆ ಬರೆದುಕೊಟ್ಟರು, ಸೊಂಟಕ್ಕೆ ಟೇಪು ಸುತ್ತಿದರು. ಟೇಪು ಸಡಿಲ ಹಿಡಿದಿದ್ದೀರಿ ಎಂದು ಮಾಸ್ಟರ್ ತಾನೇ ಎಳೆದು ಸರಿಪಡಿಸಿದ. ಸರಿಯಾಗಿ ಹಿಡಿದಾಗ ನಲವತ್ತು ಇಂಚು ಬಂತು. ಅಷ್ಟು ವರ್ಷ ಎಲ್ಲರ ಸೊಂಟ ಅಳೆದವನು ತನ್ನದನ್ನು ಅಳೆದುಕೊಂಡಿರಲಿಲ್ಲ.

ಮುಂದಿನ ವಾರ ವರದಿ ಇಟ್ಟುಕೊಂಡು ಡಾಕ್ಟರು ಬಿಡಿಸಿ ಹೇಳಿದರು. ಸಕ್ಕರೆ ಗಡಿಯಲ್ಲಿದೆ, ಬಿಪಿ ಗಡಿ ದಾಟಿದೆ, ಮೂವತ್ತು ವರ್ಷದ ಸಿಗರೇಟು, ನಿಂತಲ್ಲೇ ನಿಲ್ಲುವ, ಕೂತಲ್ಲೇ ಕೂರುವ ಕೆಲಸ. ರಕ್ತನಾಳ ಕೆಡತೊಡಗಿದರೆ ಸಣ್ಣ ನಾಳಗಳಿರುವ ಕಡೆ ಮೊದಲು ಗೊತ್ತಾಗುತ್ತದೆ, ಹೃದಯದ ಸರದಿ ಆಮೇಲೆ. ಬೇಗ ಬಂದಿರಿ, ಒಳ್ಳೆಯದಾಯಿತು. ಬಿಪಿಗೆ ಮಾತ್ರೆ ಇವತ್ತಿಂದಲೇ. ಇದಕ್ಕೂ ಮಾತ್ರೆ ಇದೆ, ತಗೊಳ್ಳುವುದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ, ಆದರೆ ಮೊದಲು ಮೈಯನ್ನು ದಾರಿಗೆ ತಂದು ನೋಡೋಣ, ಆರು ತಿಂಗಳು ಕೊಡಿ ಎಂದರು. ವಾರಕ್ಕೆ ಐದು ದಿನ, ನಲವತ್ತು ನಿಮಿಷ, ಬೆವರು ಬರುವ ಹಾಗೆ ನಡಿಗೆ. ಸಿಗರೇಟು ಪೂರ್ತಿ ಬಂದ್. ಎಣ್ಣೆ, ಸಿಹಿ ಕಡಿಮೆ, ತರಕಾರಿ ಜಾಸ್ತಿ, ಏಳು ಗಂಟೆ ನಿದ್ದೆ. ಇವೆಲ್ಲದರ ಜೊತೆಗೆ ಒಂದು ವ್ಯಾಯಾಮ: ಮೂತ್ರವನ್ನು ನಡುವೆ ತಡೆದು ನಿಲ್ಲಿಸುವಾಗ ಬಿಗಿಯಾಗುವ ಸ್ನಾಯು ಇದೆಯಲ್ಲ, ಅದನ್ನು ಬಿಗಿ ಮಾಡಿ ಐದು ಎಣಿಸಿ ಬಿಡಬೇಕು. ಒಂದು ಹೊತ್ತಿಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಕೂತು ಮಾಡಿ, ನಿಂತು ಮಾಡಿ, ಪಕ್ಕದಲ್ಲಿದ್ದವರಿಗೂ ಗೊತ್ತಾಗುವುದಿಲ್ಲ.

"ಕೊನೇದು ಒಂದಿದೆ," ಎಂದರು ಡಾಕ್ಟರು. "ಮನೆಯವರಿಗೆ ಹೇಳಿ. ಮುಂದಿನ ಸಲ ಜೊತೇಲಿ ಕರ್ಕೊಂಡು ಬನ್ನಿ. ಇದನ್ನ ಒಬ್ರೇ ಹೊತ್ಕೊಂಡು ತಿರುಗಿದ್ರೆ ಅರ್ಧ ಔಷಧಿ ತಗೊಂಡ ಹಾಗೆ."

ಮಾಸ್ಟರ್ ಆಗಲಿ ಎಂದ. ಬಸ್ಸಿನಲ್ಲಿ ಕೂತು, ಜೇಬಿನಲ್ಲಿದ್ದ ಅಳತೆ ಚೀಟಿಯ ಹಿಂಬದಿಗೆ ಎಲ್ಲವನ್ನೂ ಸಾಲಾಗಿ ಬರೆದುಕೊಂಡ. ಕೊನೆಯದೊಂದನ್ನು ಬರೆಯಲಿಲ್ಲ.

ಬರೆದುಕೊಂಡದ್ದನ್ನು ಮಾತ್ರ ಚಾಚೂ ತಪ್ಪದೆ ಮಾಡಿದ, ಅದರಲ್ಲಿ ಅವನನ್ನು ಮೆಚ್ಚಲೇಬೇಕು. ಬೆಳಿಗ್ಗೆ ಐದೂವರೆಗೆ ಎದ್ದು ರೈಲು ಗೋದಾಮಿನ ಹಿಂದಿನ ರಸ್ತೆಯಲ್ಲಿ ಬಿರಬಿರನೆ ನಡೆದ. ಮೊದಲ ವಾರ ಮೀನಖಂಡ ಹಿಡಿದುಕೊಂಡು ಮೆಟ್ಟಿಲು ಹತ್ತುವಾಗ ಹಲ್ಲು ಕಚ್ಚಿದ. ಸಿಗರೇಟು ಬಿಟ್ಟ ಮೊದಲ ಹದಿನೈದು ದಿನ ಸಿಕ್ಕಸಿಕ್ಕವರ ಮೇಲೆಲ್ಲ ಹರಿಹಾಯ್ದ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನೇ ತುಟಿಗಿಟ್ಟುಕೊಂಡು ಒಂದು ಮಧ್ಯಾಹ್ನ ಗಿರಾಕಿಯ ಮುಂದೆ ನಗೆಪಾಟಲಾದ. ಐದು ಎಣಿಸುವ ವ್ಯಾಯಾಮಕ್ಕೆ ಕತ್ತರಿಸುವ ಮೇಜೇ ಅವನ ಗರಡಿ. ಗಿರಾಕಿಯ ತೋಳಿನ ಉದ್ದ ಹಿಡಿದುಕೊಂಡವನು ಹಾಗೇ ಕಂಬದಂತೆ ನಿಂತುಬಿಡುತ್ತಿದ್ದ, ಕಣ್ಣು ಗೋಡೆಯ ಮೇಲೆ, ಮನಸ್ಸು ಇನ್ನೆಲ್ಲೋ. ಏನು ಮಾಸ್ಟರ್, ಕೈ ಅಷ್ಟೊಂದು ಉದ್ದ ಇದೆಯಾ ಎಂದು ಗಿರಾಕಿ ಕೇಳಿದರೆ ಐದು ಮುಗಿಸಿಯೇ ಉತ್ತರ ಕೊಡುತ್ತಿದ್ದ.

ಹೆಂಡತಿ ಕೇಳಿದ್ದಕ್ಕೆ ಬಿಪಿಗೆ ನಡಿಗೆ ಒಳ್ಳೆಯದಂತೆ ಎಂದಷ್ಟೇ ಹೇಳಿದ. ಅವಳು ಖುಷಿಯಾಗಿ, ನಾನೂ ಬರುತ್ತೇನೆ, ನನಗೂ ಮಂಡಿ ಹಿಡಿದುಕೊಂಡಿದೆ ಎಂದು ಚಪ್ಪಲಿ ಹಾಕಿಕೊಂಡು ಬಾಗಿಲಿಗೆ ಬಂದೇಬಿಟ್ಟಳು. ನಿನ್ನ ನಡಿಗೆಗೆ ನನ್ನ ನಡಿಗೆ ಹೊಂದುವುದಿಲ್ಲ ಎಂದು ಅವಳನ್ನು ಹೊಸ್ತಿಲಲ್ಲೇ ಬಿಟ್ಟು ಹೋದ. ದಾರಿಯಲ್ಲಿ ಅವಳು ಏನಾದರೂ ಕೇಳಿದರೆ ಏನು ಹೇಳುವುದು ಎಂಬ ಭಯ ಅಷ್ಟೇ. ಆ ಭಯ ಅವಳಿಗೆ ಹೇಗೆ ಕಾಣಬೇಕು? ಗಂಡ ಬೇಡ ಅಂದ, ಅಷ್ಟು ಕಂಡಿತು.

ಮೂರು ತಿಂಗಳಲ್ಲಿ ಸೊಂಟ ಮೂವತ್ತೆಂಟಕ್ಕೆ ಇಳಿಯಿತು. ಪ್ಯಾಂಟನ್ನು ಬೆಲ್ಟಿನಲ್ಲಿ ಬಿಗಿದರೆ ಚೀಲದ ಬಾಯಿ ಕಟ್ಟಿದ ಹಾಗೆ ನೆರಿಗೆ. ದರ್ಜಿಯೇ ಹಾಗೆ ನಿಂತರೆ ಅಂಗಡಿಯ ಮರ್ಯಾದೆ ಏನಾಗಬೇಕು? ಬಿಗಿ ಮಾಡಲು ಹೆಂಡತಿಯ ಕೈಗೆ ಕೊಡಬಹುದಿತ್ತು. ಆದರೆ ಐವತ್ತು ದಾಟಿದವನ ಪ್ಯಾಂಟಿನ ವಿಷಯದಲ್ಲಿ ತಾವಿಬ್ಬರೂ ಆಡಿದ ಮಾತೆಲ್ಲ ನೆನಪಿಗೆ ಬಂದು ಹಿಂಜರಿದ. ಒಂದು ಮಾತು ಕೇಳುತ್ತಾಳೆ, ಅದಕ್ಕೆ ಇನ್ನೊಂದು ಮಾತು ಹುಟ್ಟುತ್ತದೆ, ಕೊನೆಗೆ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಅವಳು ಅಡುಗೆಗೆಂದು ಮನೆಗೆ ಹೋದ ಮಧ್ಯಾಹ್ನ, ಅಂಗಡಿಯ ಬಾಗಿಲು ಓರೆ ಮಾಡಿಕೊಂಡು, ಹಿಂದಿನ ಹೊಲಿಗೆ ಬಿಚ್ಚಿ ಮಷೀನಿನಲ್ಲಿ ಒಳಗೆ ಹಿಡಿದ. ಸೊಂಟಪಟ್ಟಿಯ ಒಳಮಗ್ಗುಲನ್ನು ಕೈಯಲ್ಲೇ ಹೊಲಿಯಬೇಕು, ಬೇರೆ ದಾರಿಯಿಲ್ಲ. ಸೂಜಿಗೆ ದಾರ ಪೋಣಿಸಲೇ ಹತ್ತು ನಿಮಿಷ. ಎರಡು ಸಲ ಬೆರಳಿಗೆ ಚುಚ್ಚಿಕೊಂಡ. ನಾಲ್ಕು ಪ್ಯಾಂಟು ಮುಗಿಸುವಷ್ಟರಲ್ಲಿ ನಾಲ್ಕು ದಿನ ಬೇಕಾಯಿತು. ಹೊಲಿಗೆ ಕುಂಟುತ್ತ ಸಾಗಿತ್ತು, ಒಂದು ಹೆಜ್ಜೆ ಉದ್ದ, ಒಂದು ಗಿಡ್ಡ, ಎಲ್ಲ ಎಡಕ್ಕೆ ವಾಲಿದ್ದವು. ಒಳಗಿನದ್ದು, ಯಾರು ನೋಡುತ್ತಾರೆ ಎಂದುಕೊಂಡ. ಒಳಗಿನ ಹೊಲಿಗೆಯನ್ನೇ ಬದುಕು ಮಾಡಿಕೊಂಡ ಹೆಂಗಸಿನ ಜೊತೆ ಇಪ್ಪತ್ತಾರು ವರ್ಷ ಬಾಳಿದವನು ಹೀಗೆ ಅಂದುಕೊಂಡನಲ್ಲ, ಅವನ ಬುದ್ಧಿಗೆ ಏನು ಹೇಳುವುದು.

ಒಂದು ಮಧ್ಯಾಹ್ನ ಅವಳು ಆ ಪ್ಯಾಂಟುಗಳಲ್ಲೊಂದನ್ನು ತಂದು ಕತ್ತರಿಸುವ ಮೇಜಿನ ಮೇಲೆ ಒಳಮಗ್ಗುಲು ಮೇಲೆ ಮಾಡಿ ಹರಡಿದಳು. ಗಿರಾಕಿ ಯಾರೂ ಇರಲಿಲ್ಲ. ಅವಳ ಬೆರಳು ಆ ವಾಲಿದ ಹೊಲಿಗೆಯ ಮೇಲೆ ಓಡಿ ನಿಂತಿತು.

"ಇದು ಯಾರ ಕೈಹೊಲಿಗೆ?" ಎಂದಳು.

ಮಾಸ್ಟರ್ ಕೈಯ ಕತ್ತರಿ ಕೆಳಗಿಟ್ಟ. ನನ್ನದು ಅಂದರೆ ನಂಬುತ್ತಾಳೆಯೇ? ನಂಬಿದರೆ, ಕದ್ದು ಯಾಕೆ ಹೊಲಿದಿರಿ ಎನ್ನುತ್ತಾಳೆ. ಅದಕ್ಕೆ ಉತ್ತರ ಕೊಟ್ಟರೆ ಡಾಕ್ಟರು, ಡಾಕ್ಟರಿಗೆ ಕಾರಣ ಕೊಟ್ಟರೆ ಮತ್ತೆ ಆ ಬೆನ್ನು ಸವರುವ ಕೈ. ಅವಳೇ ಒಂದೊಂದಾಗಿ ಹೇಳಿದಳು, ದನಿ ಏರಿಸದೆ. ಬೇರೆ ಮಲಗಿದ್ದು, ಬೆಳಗಾಗುವ ಮುಂಚೆ ಕ್ಷೌರ ಮಾಡಿಕೊಂಡು ಹೊರಡುವುದು, ಜೊತೆಗೆ ಬರುತ್ತೇನೆಂದರೆ ಬೇಡವೆಂದದ್ದು, ಸಿಗರೇಟು ಬಿಟ್ಟದ್ದು, ಮೈ ಇಳಿಸಿದ್ದು, ತಿಂಗಳಿಗೊಮ್ಮೆ ಹೇಳದೆ ಕೇಳದೆ ಬಸ್ಸು ಹತ್ತುವುದು. ಈಗ ಇನ್ನೊಬ್ಬಳ ಸೂಜಿ.

"ಇಲ್ಲೇ ನಿಂತ್ಕೊಂಡು ನೀವೇ ಹೇಳ್ತಿದ್ರಿ, ಈ ವಯಸ್ಸಲ್ಲಿ ಸೊಂಟ ಸುಮ್ನೆ ಕರಗಲ್ಲ ಅಂತ," ಎಂದಳು. "ಯಾರು ಅವ್ಳು?"

ಆಗ ಮಾಸ್ಟರ್‌ನ ಒಳಗೆ ಆದದ್ದನ್ನು ಹೇಳಲೇ ನಾಚಿಕೆಯಾಗುತ್ತದೆ. ಅವಳು ಪೋಣಿಸಿ ಹೇಳಿದ ಆ ಕಥೆಯಲ್ಲಿ ಒಬ್ಬ ಗಂಡಸಿದ್ದ. ಬೇರೊಬ್ಬ ಹೆಣ್ಣು ಆಸೆಪಟ್ಟು ಕೂತು ಪ್ಯಾಂಟು ಹೊಲಿದುಕೊಡುವಂಥ ಗಂಡಸು. ಒಂದು ವರ್ಷದಿಂದ ಕನ್ನಡಿ ನೋಡಲು ಅಂಜುತ್ತಿದ್ದವನಿಗೆ ಆ ಗಂಡಸನ್ನು ಕಂಡು ಎದೆ ಸ್ವಲ್ಪ ಉಬ್ಬಿತು. ಕೈಲಾಗದವನು ಅನ್ನಿಸಿಕೊಳ್ಳುವುದಕ್ಕಿಂತ ಕೆಟ್ಟವನು ಅನ್ನಿಸಿಕೊಳ್ಳುವುದು ಅವನಿಗೆ ಹಗುರ ಎನಿಸಿತು.

"ಗೊತ್ತಾಯ್ತಲ್ಲ," ಎಂದ. "ಮತ್ತೇನು ಕೇಳ್ತೀಯ?"

ಅವಳು ಅಳಲಿಲ್ಲ, ಕೂಗಾಡಲಿಲ್ಲ. ಪ್ಯಾಂಟು ಮಡಚಿಟ್ಟು, ಸ್ಟೂಲಿಗೆ ಹೋಗಿ ಕೂತು, ಅರ್ಧಕ್ಕೆ ಬಿಟ್ಟಿದ್ದ ಅಂಗಿಗೆ ಗುಂಡಿ ಹಚ್ಚತೊಡಗಿದಳು. ಅಂಗಡಿ ಬಿಟ್ಟು ಎಲ್ಲಿಗೆ ಹೋಗಬೇಕು? ಅಂಗಡಿ ಅವಳದೂ ಆಗಿತ್ತು. ಅವತ್ತಿನಿಂದ ಒಳಗಿನ ಕೋಣೆಯ ಬಾಗಿಲಿಗೆ ಚಿಲಕ ಬಿತ್ತು. ಊಟ ಬಡಿಸುವುದು ತಪ್ಪಲಿಲ್ಲ, ಗಿರಾಕಿಗಳ ಎದುರು ಮಾತೂ ತಪ್ಪಲಿಲ್ಲ. ಅವರು ಮೆಟ್ಟಿಲಿಳಿದ ಮೇಲೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಅವಳ ಹುಡುಕಾಟ ಮಾತ್ರ ಶುರುವಾಯಿತು. ಹೆಸರು ಕೇಳಿದರೆ ಗಂಡ ಹೇಳುವುದಿಲ್ಲ, ಮುಖ ಗೊತ್ತಿಲ್ಲ, ಗೊತ್ತಿರುವುದು ಹೊಲಿಗೆಯೊಂದೇ. ಬಸ್ಸಿನಲ್ಲಿ ಮುಂದೆ ನಿಂತ ಹೆಂಗಸಿನ ಸೀರೆಯ ಅಂಚು ನೋಡುವಳು, ಅಂಗಡಿಗೆ ರವಿಕೆ ತಂದವಳ ತೋಳು ಮಗುಚಿ ನೋಡುವಳು, ಇಸ್ತ್ರಿಯವಳ ಸೆರಗು ಹಿಡಿದು ಇದನ್ನು ನೀನೇ ಹೊಲಿದೆಯಾ ಎಂದು ಕೇಳುವಳು. ಎಡಕ್ಕೆ ವಾಲಿದ ಹೊಲಿಗೆ ಎಲ್ಲಿ ಕಂಡರೂ ಅವಳ ಮುಖದ ರಕ್ತ ಇಳಿದುಹೋಗುತ್ತಿತ್ತು. ಮಾಸ್ಟರ್ ಮೇಜಿನ ಹಿಂದೆ ನಿಂತು ಇದನ್ನೆಲ್ಲ ನೋಡುತ್ತಿದ್ದ. ಸಂಕಟವಾಗುತ್ತಿರಲಿಲ್ಲ ಅಂತಲ್ಲ. ಇನ್ನೆರಡು ತಿಂಗಳು, ಮೈ ಒಂದು ಸರಿಹೋಗಲಿ, ಆಮೇಲೆ ಎಲ್ಲ ತಾನಾಗಿ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ಬಿಗಿ ಮಾಡಿ ಐದು ಎಣಿಸುತ್ತಿದ್ದ.

ಕೊನೆಗೆ ಹುಡುಕಾಟ ಕಾಜಾದವಳ ಮೇಲೆ ಬಂದು ನಿಂತಿತು. ಅಂಗಡಿಯ ಅಂಗಿಗಳಿಗೆ ಗುಂಡಿ ತೂರುವ ಕಾಜಾಗಳನ್ನು ಹನ್ನೊಂದು ವರ್ಷದಿಂದ ಮನೆಯಲ್ಲಿ ಕೂತು ಹೊಲಿದುಕೊಡುತ್ತಿದ್ದವಳು, ಗಂಡ ಸತ್ತವಳು, ತನ್ನ ಪಾಡಿಗೆ ತಾನಿರುವವಳು. ಅವಳ ಕೈ ಅಚ್ಚು ಒತ್ತಿದ ಹಾಗೆ, ಆ ಕುಂಟ ಹೊಲಿಗೆ ಅವಳದಾಗಲು ಸಾಧ್ಯವೇ ಇರಲಿಲ್ಲ. ಗುರುತು ಸಿಗಬಾರದೆಂದು ಬೇಕೆಂದೇ ಸೊಟ್ಟ ಹೊಲಿದಿದ್ದಾಳೆ ಎಂದು ಹೆಂಡತಿ ತೀರ್ಮಾನಿಸಿದಳು. ಅನುಮಾನಕ್ಕೆ ಅಷ್ಟು ಸಾಕು. ಒಂದು ಬೆಳಿಗ್ಗೆ ಅಂಗಿಯ ಕಟ್ಟು ತೆಗೆದುಕೊಂಡು ಹೋಗಲು ಬಂದವಳಿಗೆ, ನಾಳೆಯಿಂದ ನೀನು ಬರಬೇಡ ಎಂದಳು. ಕಾಜಾದವಳು ತಾನು ಏನು ತಪ್ಪು ಮಾಡಿದೆ ಎಂದು ಅವಳನ್ನು ಕೇಳಿ, ಉತ್ತರ ಬಾರದಿದ್ದಾಗ ಮಾಸ್ಟರ್ ಕಡೆ ತಿರುಗಿ ನೋಡಿದಳು. ಮಾಸ್ಟರ್ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದ. ಒಂದು ಮಾತು ಸಾಕಿತ್ತು. ಆ ಒಂದು ಮಾತು ಬರಲಿಲ್ಲ.

ಐದನೆಯ ತಿಂಗಳಲ್ಲಿ ಡಾಕ್ಟರು ಹೇಳಿದ್ದು ನಿಜವಾಯಿತು. ಬೆಳಗಿನ ಹೊತ್ತು ಎಚ್ಚರವಾದಾಗ ಮೈ ತನ್ನ ಹಳೆಯ ಕೆಲಸವನ್ನು ತಾನೇ ನೆನಪು ಮಾಡಿಕೊಂಡಿತ್ತು. ಮೊದಲು ನಂಬಲಿಲ್ಲ, ವಾರದಲ್ಲಿ ಮೂರು ಸಲ ಹಾಗಾದ ಮೇಲೆ ನಂಬಿದ. ಆಸ್ಪತ್ರೆಯಲ್ಲಿ ಬಿಪಿ ಚೆನ್ನಾಗಿತ್ತು, ಸಕ್ಕರೆ ಕೆಳಗಿಳಿದಿತ್ತು, ಸೊಂಟ ಮೂವತ್ತೇಳು. ಎಲ್ಲರಿಗೂ ಇಷ್ಟು ಬೇಗ ಆಗುವುದಿಲ್ಲ, ನೀವು ಅಚ್ಚುಕಟ್ಟಾಗಿ ಮಾಡಿದಿರಿ ಎಂದು ಡಾಕ್ಟರು ಖುಷಿಪಟ್ಟರು. ಆಮೇಲೆ, ಮನೆಯವರು ಏನಂತಾರೆ ಎಂದು ಕೇಳಿದರು. ಮಾಸ್ಟರ್ ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಎದ್ದ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಮೊಟ್ಟಮೊದಲ ಸಲ ಅವನಿಗೆ ಹೊಳೆಯಿತು: ಮೈ ದಾರಿಗೆ ಬಂದಿದೆ, ಹೋಗಲು ಜಾಗ ಇಲ್ಲ.

ಅಂಗಡಿಗೆ ಬಂದವನೇ ಬಾಗಿಲು ಓರೆ ಮಾಡಿ, ಹೆಂಡತಿಯ ಎದುರು ನಿಂತು ಎಲ್ಲವನ್ನೂ ಹೇಳಿದ. ತಡವರಿಸುತ್ತ, ಹಿಂದುಮುಂದಾಗಿ ಹೇಳಿದ. ಯಾವ ಹೆಣ್ಣೂ ಇಲ್ಲ, ಇದ್ದದ್ದು ಆ ಕಾಯಿಲೆ, ಆ ಡಾಕ್ಟರು, ಈ ನಡಿಗೆ, ಈ ಐದು ಎಣಿಸುವ ವ್ಯಾಯಾಮ. ಅವಳು ನಕ್ಕಳು. ಅದು ಹಿಂದೆ ದಾರ ಕಚ್ಚಿಕೊಂಡು ನಗುತ್ತಿದ್ದ ನಗುವಲ್ಲ. ಆ ನಿಮ್ಮವಳು ಬಿಟ್ಟು ಹೋದಳಾ, ಅದಕ್ಕೆ ಈ ಕಥೆಯಾ ಎಂದು ಕೇಳಿದಳು. ಅವನು ಆಸ್ಪತ್ರೆಯ ಚೀಟಿಗಳನ್ನು ಮುಂದಿಟ್ಟ. ಇದರಲ್ಲಿ ನಿಮ್ಮ ಬಿಪಿ ಬರೆದಿದೆ, ನೀವು ಯಾರ ಮನೆಗೆ ಹೋಗಿದ್ದಿರಿ ಅಂತ ಬರೆದಿಲ್ಲ ಎಂದಳು.

ಮಾಸ್ಟರ್‌ಗೆ ಇನ್ನು ಒಂದೇ ದಾರಿ ಉಳಿದಿತ್ತು. ಅವಳ ಸ್ಟೂಲಿನ ಮೇಲೆ ಕೂತ. ಅವಳ ಸೂಜಿ ತೆಗೆದುಕೊಂಡ. ದಾರ ಪೋಣಿಸಲು ಮೂರು ಸಲ ತಪ್ಪಿದ, ನಾಲ್ಕನೆಯ ಸಲ ಪೋಣಿಸಿ, ತುಂಡು ಬಟ್ಟೆಯೊಂದರ ಅಂಚು ಮಡಚಿ ಗೇಣುದ್ದ ಹೊಲಿದ. ಮುಗಿಸಿ ಅವಳ ಕೈಗೆ ಕೊಟ್ಟ. ಅವಳು ಮೂಲೆಯಿಂದ ಆ ಹಳೆಯ ಪ್ಯಾಂಟನ್ನು ತಂದು, ಕಿಟಕಿಯ ಬೆಳಕಿಗೆ ಎರಡನ್ನೂ ಪಕ್ಕಪಕ್ಕ ಹಿಡಿದಳು. ಒಂದು ಹೆಜ್ಜೆ ಉದ್ದ, ಒಂದು ಗಿಡ್ಡ, ಎಲ್ಲ ಎಡಕ್ಕೆ ವಾಲಿದ್ದವು. ಎರಡು ತಿಂಗಳು ಬಸ್ಸುಬಸ್ಸಿನಲ್ಲಿ ಹುಡುಕಿದ ಕೈ ಅದು. ಅವಳು ನಂಬಿದಳು. ಅವಳು ನಂಬಿದ್ದು ಮುಖದಲ್ಲಿ ಕಂಡದ್ದೇ ಮಾಸ್ಟರ್‌ಗೆ ಹೋದ ಜೀವ ಬಂದ ಹಾಗಾಯಿತು, ಎದ್ದು ಅವಳ ಕೈ ಹಿಡಿಯಲು ಹೋದ.

"ಹೇಳೋಕೆ ನಾಚಿಕೆ ಆಯ್ತು," ಎಂದ.

"ನನ್ನ ಹತ್ರಾನಾ?" ಎಂದಳು ಅವಳು, ಕೈ ಹಿಂದಕ್ಕೆಳೆದುಕೊಂಡು.

ಪ್ಯಾಂಟನ್ನೂ ತುಂಡು ಬಟ್ಟೆಯನ್ನೂ ಮೇಜಿನ ಮೇಲೆ ಹಾಕಿದಳು.

"ಅವ್ಳು ಅಂತ ಒಬ್ಳು ಇದ್ದಿದ್ರೇ ಚೆನ್ನಾಗಿತ್ತು ಕಣ್ರೀ. ಯಾರೋ ಬಂದ್ಳು, ನನ್ನ ಗಂಡನ್ನ ಕಿತ್ಕೊಂಡು ಹೋದ್ಳು ಅಂತ ಬೈದು, ಅತ್ತು ಸುಮ್ನಾಗ್ತಿದ್ದೆ. ಈಗ ಯಾರನ್ನ ಬೈಲಿ? ನಾನು ಬೀದೀಲಿ ಹೆಂಗಸ್ರ ಸೆರಗು ಹಿಡ್ಕೊಂಡು ತಿರುಗ್ತಿದ್ದೆ, ನೀವು ನೋಡ್ತಾ ಐದು ಎಣಿಸ್ತಾ ನಿಂತಿದ್ರಿ."

ಚಪ್ಪಲಿ ಮೆಟ್ಟಿ ಅವಳು ಕಾಜಾದವಳ ಮನೆಗೆ ಹೋದಳು. ಒಂದು ಗಂಟೆ ಬಿಟ್ಟು ಬರಿಗೈಯಲ್ಲಿ ಬಂದಳು. ಕಾಜಾದವಳು ನೀರು ಕೊಟ್ಟಳಂತೆ, ಕೂರಿಸಿ ಮಾತಾಡಿಸಿದಳಂತೆ, ಆದರೆ ಇನ್ನು ಈ ಅಂಗಡಿಯ ಕೆಲಸ ಬೇಡ ಅಂದಳಂತೆ. ಇಷ್ಟನ್ನು ಗೋಡೆಗೆ ಹೇಳುವ ಹಾಗೆ ಹೇಳಿ ಸ್ಟೂಲಿನಲ್ಲಿ ಕೂತಳು.

ಆಮೇಲೆ ಅವನ ಪ್ಯಾಂಟನ್ನು ಮಡಿಲಿಗೆ ಎಳೆದುಕೊಂಡು, ಬ್ಲೇಡಿನಿಂದ ಆ ವಾಲಿದ ಹೊಲಿಗೆಗಳನ್ನು ಒಂದೊಂದಾಗಿ ಕಿತ್ತಳು. ಮೂವತ್ತೇಳಕ್ಕೆ ಸರಿಯಾಗಿ ಹಿಡಿದು, ಸೊಂಟಪಟ್ಟಿಯನ್ನು ತನ್ನ ಕೈಯಲ್ಲಿ ಮತ್ತೆ ಹೊಲಿದಳು, ಎಂದಿನಂತೆ ಒಂದೇ ಸಮನೆ, ಒಂದು ಹೊಲಿಗೆಯೂ ಕಾಣದ ಹಾಗೆ. ಮಾಸ್ಟರ್ ಮೇಜಿನ ಹಿಂದೆ ನಿಂತು ನೋಡುತ್ತಿದ್ದ. ಸಂಜೆಯಾಗುತ್ತಿತ್ತು. ಅವಳು ಹೊಲಿಯುವುದನ್ನು ಕಂಡು, ಇನ್ನೇನು ಪರವಾಗಿಲ್ಲ, ಸಿಟ್ಟು ಇಳಿಯುತ್ತಿದೆ ಎಂದು ಅವನಿಗೆ ಆಸೆ ಹುಟ್ಟಿತು.

ಅವಳು ದಾರ ಕಚ್ಚಿ ತುಂಡು ಮಾಡಿ, ಪ್ಯಾಂಟಿಗೆ ಇಸ್ತ್ರಿ ಹಾಕಿ ಮಡಚಿದಳು. ಅಳತೆ ಚೀಟಿಯೊಂದನ್ನು ಹರಿದು, ಸೊಂಟ ಮೂವತ್ತೇಳು ಎಂದಷ್ಟೇ ಬರೆದು, ಗುಂಡುಪಿನ್ನಿನಿಂದ ಪಟ್ಟಿಗೆ ಚುಚ್ಚಿದಳು. ಎದ್ದು ಹೋಗಿ ಗಿರಾಕಿಗಳ ಬಟ್ಟೆ ನೇತುಹಾಕುವ ಕಂಬಿಯಲ್ಲಿ, ಬ್ಯಾಂಕಿನ ಮ್ಯಾನೇಜರ ಪ್ಯಾಂಟಿನ ಪಕ್ಕಕ್ಕೆ ಅದನ್ನು ನೇತುಹಾಕಿದಳು.